ಸಿಂಗಪುರದಲ್ಲಿ ದುಡಿದು ಉಳಿಸಲು 11 ಸೂತ್ರಗಳು

ಸಿಂಗಪುರದ ಆಫರ್ ಕೈಗೆ ಬಂದಿದೆಯೇ? ಅಭಿನಂದನೆಗಳು. ಈಗ ‘ಜಗತ್ತಿನ ದುಬಾರಿ ನಗರಗಳು’ ಎಂದು ಗೂಗಲ್ ಮಾಡಿ ನಿದ್ದೆಗೆಡುವುದನ್ನು ನಿಲ್ಲಿಸಿ. ಭೂಮಧ್ಯ ರೇಖೆಯಿಂದ ಒಂದೇ ಡಿಗ್ರಿ ಮೇಲಿರುವ ಈ ದ್ವೀಪದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್. ಹೆಚ್ಚುಕಡಿಮೆ ನಮ್ಮ ಹಳೇ ಬಿಬಿಎಂಪಿ ವ್ಯಾಪ್ತಿಯಷ್ಟೇ. ಅಲ್ಲಿ 60 ಲಕ್ಷ ಜನ ದಿನಾ ತಿಂದುಂಡು ಓಡಾಡುತ್ತಾರೆ. ಅವರೆಲ್ಲ ಕೋಟ್ಯಧಿಪತಿಗಳಲ್ಲ.

ಒಂದು ವಿಷಯ ತಲೆಯಲ್ಲಿರಲಿ. ಆ ದ್ವೀಪದಲ್ಲಿ ಎರಡು ದರಪಟ್ಟಿಗಳಿವೆ. ಕಾಂಡೋ, ಕಾರು, ವಾರಾಂತ್ಯದ ಬಾರು, ಮಾಲ್‌ನ ಲಾಟೆ ಸೇರಿದರೆ ಎಕ್ಸ್‌ಪ್ಯಾಟ್ ಪಟ್ಟಿ. ಸರ್ಕಾರಿ ವಸತಿ, ಎಂಆರ್‌ಟಿ ಎಂಬ ಮೆಟ್ರೊ ರೈಲು, ಅಗ್ಗದ ಊಟದ ಹಾಕರ್ ಸೆಂಟರ್ ಸೇರಿದರೆ ಸ್ಥಳೀಯರ ಪಟ್ಟಿ. ಒಂದೇ ಸಂಬಳದ ಇಬ್ಬರಲ್ಲಿ ಒಬ್ಬರು ಊರಲ್ಲಿ ಸೈಟು ಕೊಳ್ಳುತ್ತಾರೆ, ಇನ್ನೊಬ್ಬರು ಕ್ರೆಡಿಟ್ ಕಾರ್ಡ್‌ನ ಮಿನಿಮಮ್ ಕಟ್ಟುತ್ತಾರೆ. ಸೈಟು ಬೇಕಿದ್ದರೆ ಎರಡನೇ ಪಟ್ಟಿ ಹಿಡಿಯಿರಿ. ಮುಂದೆ ಡಾಲರ್ ಎಂದಲ್ಲೆಲ್ಲ ಸಿಂಗಪುರ ಡಾಲರ್ ಎಂದೇ ಓದಿಕೊಳ್ಳಿ.

1. ರೂಪಾಯಿಗೆ ಗುಣಿಸುವುದನ್ನು ಬಿಡಿ

ಒಂದು ಕಾಫಿಗೆ ನೂರು ರೂಪಾಯಿಯೇ ಎಂದು ಮೊದಲ ವಾರ ಹೌಹಾರುತ್ತೀರಿ. ಸಂಬಳದ ದಿನ ಅದೇ ಗುಣಾಕಾರ ಮಾಡಿ ಬೀಗುತ್ತೀರಿ. ಎರಡೂ ತಪ್ಪು ಲೆಕ್ಕ. ದುಡಿಮೆಯೂ ಡಾಲರ್, ಖರ್ಚೂ ಡಾಲರ್. ರೂಪಾಯಿ ಆಗುವುದು ಉಳಿದದ್ದು ಮಾತ್ರ. ಗುಣಿಸಲೇಬೇಕೆಂದರೆ ತಿಂಗಳ ಕೊನೆಯ ಬ್ಯಾಲೆನ್ಸನ್ನು ಗುಣಿಸಿ.

2. ಆಫರ್ ಲೆಟರ್‌ನಲ್ಲಿ ಸಂಬಳದ ಕೆಳಗಿನ ಸಾಲುಗಳನ್ನು ಓದಿ

2025ರ ಜನವರಿಯಿಂದ ಹೊಸ ಎಂಪ್ಲಾಯ್‌ಮೆಂಟ್ ಪಾಸ್‌ಗೆ (ಇಪಿ) ಕನಿಷ್ಠ ಸಂಬಳ 5,600 ಡಾಲರ್, ಹಣಕಾಸು ವಲಯದಲ್ಲಿ 6,200. ವಯಸ್ಸು ಏರಿದಂತೆ ಈ ಮಿತಿಯೂ ಏರುತ್ತದೆ. ಇದು ಒಳಗೆ ಬರುವ ಟಿಕೆಟ್ ಅಷ್ಟೇ. ಹೆಂಡತಿ-ಮಕ್ಕಳನ್ನು ಡಿಪೆಂಡೆಂಟ್ ಪಾಸ್ ಮೇಲೆ ಕರೆಸಿಕೊಳ್ಳಲು ನಿಗದಿತ ಮಾಸಿಕ ಸಂಬಳ 6,000 ಮುಟ್ಟಬೇಕು. ಅಪ್ಪ-ಅಮ್ಮನನ್ನು ದೀರ್ಘಕಾಲ ಇಟ್ಟುಕೊಳ್ಳಲು 12,000.

5,800ರ ಆಫರ್ ಬಂದಿದೆಯೇ? ಇನ್ನೂರು ಕೇಳಲೋ ಬೇಡವೋ ಎಂದು ಒದ್ದಾಡಬೇಡಿ. ಸಂಸಾರ ಜೊತೆಗಿರುವುದೋ ಊರಲ್ಲಿರುವುದೋ ಎಂಬುದು ಆ ಇನ್ನೂರರ ಮೇಲೆ ನಿಂತಿದೆ. ಕೇಳಿ. ಸಂಕೋಚ ಗುಣವಲ್ಲ, ಚಟ. ಬಿಡಿಸಿಕೊಳ್ಳಬಹುದು.

ಹೆಲ್ತ್ ಇನ್ಶೂರೆನ್ಸ್ ಇದೆಯೇ ಎಂದೂ ಕೇಳಿ. ಕೆಳಹಂತದ ಪಾಸ್‌ಗಳಾದ ವರ್ಕ್ ಪರ್ಮಿಟ್ ಮತ್ತು ಎಸ್ ಪಾಸ್‌ನವರಿಗೆ ಕಂಪನಿ ಇನ್ಶೂರೆನ್ಸ್ ಮಾಡಿಸಲೇಬೇಕು, ಇಪಿಯವರಿಗೆ ಆ ಕಡ್ಡಾಯ ಇಲ್ಲ. ವಿದೇಶಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲೂ ಸಬ್ಸಿಡಿ ಸಿಗದು. ಇನ್ನೊಂದು ಮಾತು: ಡಿಪೆಂಡೆಂಟ್ ಪಾಸ್‌ನಲ್ಲಿ ಬಂದ ಸಂಗಾತಿ ಕೆಲಸ ಮಾಡಬೇಕೆಂದರೆ 2021ರ ಮೇ ತಿಂಗಳಿನಿಂದ ಪ್ರತ್ಯೇಕ ವರ್ಕ್ ಪಾಸ್ ಬೇಕು. ಎರಡು ಸಂಬಳದ ಕನಸಿನ ಮೇಲೆ ಮನೆ ಹಿಡಿಯಬೇಡಿ.

3. ಮನೆಯ ವಿಷಯದಲ್ಲಿ ಕಲ್ಲಾಗಿ

ಸಿಂಗಪುರದಲ್ಲಿ ನಿಮ್ಮ ಉಳಿತಾಯ ನಿರ್ಧಾರವಾಗುವುದು ಇಲ್ಲೇ. ಉಳಿದದ್ದೆಲ್ಲ ಚಿಲ್ಲರೆ.

ಒಂಟಿಯಾಗಿದ್ದರೆ ಮೊದಲ ವರ್ಷ ರೂಮು ಹಿಡಿಯಿರಿ, ಅದೂ ಎಚ್‌ಡಿಬಿ ಫ್ಲ್ಯಾಟ್‌ನಲ್ಲಿ. ಎಚ್‌ಡಿಬಿ ಎಂಬ ಸರ್ಕಾರಿ ವಸತಿ ಮಂಡಳಿ 1960ರಲ್ಲಿ ಶುರುವಾಯಿತು. ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಸ್ಥಳೀಯರು ವಾಸಿಸುವುದು ಅದು ಕಟ್ಟಿಸಿದ ಫ್ಲ್ಯಾಟ್‌ಗಳಲ್ಲಿ. ‘ಸರ್ಕಾರಿ ಕ್ವಾರ್ಟರ್ಸ್’ ಎಂದು ಮೂಗು ಮುರಿಯಬೇಡಿ. ಕೆಳಗೇ ಬಸ್ ಸ್ಟಾಪು, ಕಾಫಿ ಶಾಪು, ಕ್ಲಿನಿಕ್ಕು. ಕಾಂಡೋದ ಈಜುಕೊಳಕ್ಕೆ ತಿಂಗಳು ತಿಂಗಳೂ ದುಡ್ಡು ಕೊಟ್ಟು ವರ್ಷಕ್ಕೆ ನಾಲ್ಕು ಸಲ ಇಳಿಯುವವರೇ ಹೆಚ್ಚು.

ಕುಟುಂಬ ಬರುತ್ತಿದೆಯೇ? ಜಾಹೀರಾತಿನಲ್ಲಿ ‘4 ರೂಮ್’ ಎಂದಿದ್ದರೆ ಮೂರು ಬೆಡ್‌ರೂಮ್, ಒಂದು ಹಾಲ್ ಎಂದರ್ಥ. ಬಾಡಿಗೆ 3,000 ಡಾಲರ್ ದಾಟುವುದು ಮಾಮೂಲಿ. ಎಂಆರ್‌ಟಿಯಿಂದ ಎರಡು ಬಸ್ ಸ್ಟಾಪ್ ಆಚೆ ಹುಡುಕಿ, ದರ ಇಳಿಯುತ್ತದೆ.

ಈಗ ಒಪ್ಪಂದದ ಕಾಗದ. ಸಾಲು ಸಾಲಾಗಿ ಓದಿ. ಅಡ್ವಾನ್ಸ್ ಸಾಮಾನ್ಯವಾಗಿ ಪ್ರತಿ ಒಂದು ವರ್ಷದ ಲೀಸ್‌ಗೆ ಒಂದು ತಿಂಗಳ ಬಾಡಿಗೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಹಬ್ಬ. ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕಾದವರು ಬಾಡಿಗೆದಾರರು, ಒಟ್ಟು ಬಾಡಿಗೆಯ ಶೇ 0.4. ತಿಂಗಳಿಗೆ 3,000ದಂತೆ ಎರಡು ವರ್ಷಕ್ಕೆ 288 ಡಾಲರ್. ಎರಡು ವರ್ಷದ ಲೀಸ್ ಆದರೆ ‘ಡಿಪ್ಲೊಮ್ಯಾಟಿಕ್ ಕ್ಲಾಜ್’ ಇಲ್ಲದೆ ಸಹಿ ಹಾಕಲೇಬೇಡಿ. ಕೆಲಸ ಹೋದರೆ ಅಥವಾ ದೇಶ ಬಿಡಬೇಕಾದರೆ, ಸಾಮಾನ್ಯವಾಗಿ ಹನ್ನೆರಡು ತಿಂಗಳ ನಂತರ ಎರಡು ತಿಂಗಳ ನೋಟಿಸ್ ಕೊಟ್ಟು ಮನೆ ಬಿಡಲು ಅನುಕೂಲ ಮಾಡಿಕೊಡುವ ಷರತ್ತು ಅದು. ಮೂರು ತಿಂಗಳಿಗೊಮ್ಮೆ ಎಸಿ ಸರ್ವಿಸ್ ಯಾರ ತಲೆಗೆ? ಬಹುತೇಕ ನಿಮ್ಮದೇ. ರಿಪೇರಿಯಲ್ಲಿ ನಿಮ್ಮ ಪಾಲು ಎಷ್ಟು ಡಾಲರ್‌ವರೆಗೆ? ಅಂಕಿ ಬರೆಸಿ. ‘ಲೈಟ್ ಕುಕಿಂಗ್’ ಎಂದಿದ್ದರೆ ಒಗ್ಗರಣೆ ಹಾಕಬಹುದೇ ಎಂದು ನೇರವಾಗಿ ಕೇಳಿ. ಇಂಗು-ಸಾಸಿವೆಯ ಘಾಟಿನ ಮೇಲೆ ಆಮೇಲೆ ಜಗಳ ಬೇಡ.

ಏಜೆಂಟರ ಹೆಸರನ್ನು ಸಿಇಎ ಎಂಬ ನಿಯಂತ್ರಣ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿ ನೋಡಿ. ಅವರು ಬಾಡಿಗೆ ಹಣ, ಅಡ್ವಾನ್ಸ್ ಹಣ ಕೈಯಲ್ಲಿ ಮುಟ್ಟುವಂತಿಲ್ಲ, ಅದು ಅಲ್ಲಿಯ ನಿಯಮ. ‘ನನ್ನ ಖಾತೆಗೆ ಹಾಕಿ, ಮನೆ ಬ್ಲಾಕ್ ಮಾಡುತ್ತೇನೆ’ ಎಂದರೆ ಫೋನ್ ಇಡಿ. ಮನೆಯನ್ನು ಕಣ್ಣಾರೆ ನೋಡದೆ ಒಂದು ಡಾಲರೂ ಕಳಿಸಬೇಡಿ. ಒಳಹೋದ ದಿನವೇ ಗೋಡೆಯ ಗೀರು, ಸಿಂಕಿನ ಕಲೆ ಎಲ್ಲದರ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. ಅಡ್ವಾನ್ಸ್ ವಾಪಸ್ ತರುವುದು ಆ ಫೋಟೋಗಳೇ.

4. ಕಾರು ಮರೆಯಿರಿ

ಅಲ್ಲಿ ಕಾರಿಗಿಂತ ಮೊದಲು ಕಾರು ಇಟ್ಟುಕೊಳ್ಳುವ ಹಕ್ಕನ್ನು ಹರಾಜಿನಲ್ಲಿ ಕೊಳ್ಳಬೇಕು. ಸಿಒಇ ಎಂಬ ಈ ಪದ್ಧತಿ 1990ರಿಂದ ಇದೆ. ಹತ್ತು ವರ್ಷದ ಹಕ್ಕಿಗೇ 1,00,000 ಡಾಲರ್ ದಾಟಿದ್ದುಂಟು. ಕಾರಿನ ಬೆಲೆ, ತೆರಿಗೆ ಬೇರೆ. ಬ್ಯಾಂಕ್ ಕಾರ್ಡನ್ನೇ ಟ್ಯಾಪ್ ಮಾಡಿ ಬಸ್ಸು, ರೈಲು ಹತ್ತಿ. ವಾರದ ದಿನಗಳಲ್ಲಿ ಬೆಳಿಗ್ಗೆ 7.45ಕ್ಕೆ ಮೊದಲು ಎಂಆರ್‌ಟಿ ಗೇಟು ದಾಟಿದರೆ 50 ಸೆಂಟ್‌ವರೆಗೆ ರಿಯಾಯಿತಿ. ಬೇಗ ಆಫೀಸ್ ಸೇರಿದವರು ಬಾಸ್ ಕಣ್ಣಿಗೂ ಬೀಳುತ್ತಾರೆ.

5. ಅಂಕಲ್-ಆಂಟಿಯರ ಸ್ಟಾಲ್‌ನಲ್ಲಿ ತಿನ್ನಿ

ಹಾಕರ್ ಸಂಸ್ಕೃತಿಗೆ 2020ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿದೆ. ನಿಮಗೆ ಬೇಕಾದದ್ದು ಮಾನ್ಯತೆಯಲ್ಲ, ಬೆಲೆ. ಎಕಾನಮಿ ರೈಸ್ ಸ್ಟಾಲ್‌ನಲ್ಲಿ ಅನ್ನದ ತಟ್ಟೆ ಹಿಡಿದ ಆಂಟಿಗೆ ಗಾಜಿನಾಚೆಯ ಪಲ್ಯಗಳನ್ನು ಬೆರಳು ಮಾಡಿ ತೋರಿಸಿ. ಒಂದು ಮಾಂಸ, ಎರಡು ತರಕಾರಿ ಎಂದು ಎಣಿಸಿ ದರ ಹೇಳುತ್ತಾರೆ. ಮೀನು ತೋರಿಸಿದರೆ ಬೆಲೆ ಜಿಗಿಯುತ್ತದೆ, ಮೊದಲೇ ಕೇಳಿ.

ಕಾಫಿ ಶಾಪ್‌ನಲ್ಲಿ ಅಂಕಲ್ ಉದ್ದ ಮೂತಿಯ ಪಾತ್ರೆ ಎತ್ತಿ ಬಟ್ಟೆಯ ಜಾಲರಿಗೆ ಬಿಸಿನೀರು ಸುರಿಯುತ್ತಾರೆ. ದಪ್ಪ ಪಿಂಗಾಣಿ ಕಪ್ಪಿನ ತಳದಲ್ಲಿ ಕಂಡೆನ್ಸ್ಡ್ ಮಿಲ್ಕ್, ಮೇಲೆ ಕಪ್ಪು ಡಿಕಾಕ್ಷನ್. ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಹುರಿಯುವುದರಿಂದ ಚಿಕ್ಕಮಗಳೂರು ಕಡೆಯವರಿಗೆ ಮೊದಲ ಗುಟುಕು ಸೀದಂತೆ ಅನಿಸಬಹುದು. ‘ಕೋಪಿ ಸಿ’ ಎಂದರೆ ಇವಾಪೊರೇಟೆಡ್ ಹಾಲು, ‘ಕೋಪಿ ಓ ಕೊಸೊಂಗ್’ ಎಂದರೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಒಂದೂವರೆ ಡಾಲರ್ ಆಸುಪಾಸು. ಮಾಲ್‌ನಲ್ಲಿ ಆರೇಳು ಡಾಲರ್. ದಿನಕ್ಕೆ ಐದರ ವ್ಯತ್ಯಾಸ, ತಿಂಗಳಿಗೆ ನೂರು ದಾಟಿತು.

ಸಸ್ಯಾಹಾರಿಗಳೇ, ಕೊರಗಬೇಡಿ. ಬಹಳಷ್ಟು ಹಾಕರ್ ಸೆಂಟರ್‌ಗಳಲ್ಲಿ ಚೀನೀ ಬೌದ್ಧರ ವೆಜಿಟೇರಿಯನ್ ಸ್ಟಾಲ್ ಇರುತ್ತದೆ. ಬೇರೆ ಕಡೆ ಸಂಬಾಲ್ ಚಟ್ನಿ ಮುಟ್ಟುವ ಮೊದಲು ಕೇಳಿ, ಅದಕ್ಕೆ ಸಿಗಡಿ ಪೇಸ್ಟ್ ಹಾಕುವುದೇ ವಾಡಿಕೆ. ತರಕಾರಿಗೆ ಲಿಟಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆ, ಬೇಳೆಕಾಳಿಗೆ ಮುಸ್ತಫಾ ಅಂಗಡಿ, ದಿನನಿತ್ಯಕ್ಕೆ ಫೇರ್‌ಪ್ರೈಸ್ ಸೂಪರ್‌ಮಾರ್ಕೆಟ್. ನಲ್ಲಿ ನೀರನ್ನೇ ಕುಡಿಯಿರಿ, ಬಾಟಲಿ ಕೊಳ್ಳುವುದು ದಂಡ. ತಿಂದ ಟ್ರೇ ನೀವೇ ಎತ್ತಿಡಿ. 2021ರ ಸೆಪ್ಟೆಂಬರ್‌ನಿಂದ ಹಾಕರ್ ಸೆಂಟರ್‌ಗಳಲ್ಲಿ ಅದು ಕಾನೂನು. ಮದ್ಯದ ಬಗ್ಗೆ ಒಂದೇ ಅಂಕಿ: ವಿಸ್ಕಿ, ವೈನ್‌ಗಳಲ್ಲಿನ ಶುದ್ಧ ಆಲ್ಕೋಹಾಲ್ ಮೇಲೆ ಲೀಟರಿಗೆ 88 ಡಾಲರ್ ಸುಂಕ. ಶೇ 9 ಜಿಎಸ್‌ಟಿ ಬೇರೆ.

6. ಪ್ರತಿ ತಿಂಗಳೂ ನಿಮ್ಮ ಟಿಡಿಎಸ್ ನೀವೇ ಕಡಿಯಿರಿ

ಭಾರತದಲ್ಲಿ ತೆರಿಗೆ, ಪಿಎಫ್ ಎಲ್ಲ ಕಡಿದ ಮೇಲೆ ಸಂಬಳ ಬರುತ್ತಿತ್ತು. ಅಲ್ಲಿ ತೆರಿಗೆ ತಿಂಗಳು ತಿಂಗಳು ಕಡಿಯುವುದಿಲ್ಲ. ಸಿಪಿಎಫ್ ಎಂಬ ಅಲ್ಲಿಯ ಪಿಎಫ್ ನಾಗರಿಕರಿಗೆ ಮತ್ತು ಪಿಆರ್‌ಗಳಿಗೆ (ಕಾಯಂ ನಿವಾಸಿಗಳಿಗೆ) ಮಾತ್ರ, ಇಪಿಯವರಿಗಿಲ್ಲ. ಹೆಚ್ಚುಕಡಿಮೆ ಪೂರ್ತಿ ಸಂಬಳ ಖಾತೆಗೆ ಬೀಳುತ್ತದೆ. ಬಿದ್ದದ್ದೆಲ್ಲ ನಿಮ್ಮದೆಂದು ಭಾವಿಸಿ ಖರ್ಚು ಮಾಡಿದರೆ, ಮುಂದಿನ ವರ್ಷ ತೆರಿಗೆ ನೋಟಿಸ್ ಬಂದಾಗ ಮುಖ ಬಿಳಿಚುತ್ತದೆ.

ದರ ನಿಜಕ್ಕೂ ಕಡಿಮೆ. ವರ್ಷದ ಮೊದಲ 20,000 ಡಾಲರ್‌ಗೆ ತೆರಿಗೆಯೇ ಇಲ್ಲ. ತಿಂಗಳಿಗೆ 7,000, ಅಂದರೆ ವರ್ಷಕ್ಕೆ 84,000 ದುಡಿದು ತೆರಿಗೆಯ ಲೆಕ್ಕದಲ್ಲಿ ನಿವಾಸಿ ಎನಿಸಿಕೊಂಡರೆ ಕಟ್ಟಬೇಕಾದದ್ದು ಸುಮಾರು 3,700. ಸಂಬಳದ ದಿನವೇ 310 ಡಾಲರ್ ಬೇರೆ ಖಾತೆಗೆ ತಳ್ಳಿ. ಒಟ್ಟಿಗೆ ಕಟ್ಟುವುದು ಕಷ್ಟವೇ? ಜೈರೋ ಎಂಬ ಬ್ಯಾಂಕ್ ಆಟೋ-ಡೆಬಿಟ್ ಮೂಲಕ ಬಡ್ಡಿಯಿಲ್ಲದೆ 12 ಕಂತುಗಳವರೆಗೆ ಮಾಡಿಕೊಳ್ಳಬಹುದು. ಪಿಎಫ್ ಇಲ್ಲವೆಂದ ಮೇಲೆ ನಿವೃತ್ತಿಯ ಹಣವನ್ನೂ ನೀವೇ ಕಟ್ಟಬೇಕು. ಹಿಂದೆ ಪಿಎಫ್‌ಗೆ ಹೋಗುತ್ತಿದ್ದ ಪ್ರಮಾಣವನ್ನು ಈಗಲೂ ಅಲ್ಲಾಡಿಸದೆ ಎತ್ತಿಡಿ.

7. ಎಸಿಯನ್ನು 25ಕ್ಕೆ ಇಡಿ

ವರ್ಷವಿಡೀ ಒಂದೇ ಸೆಕೆ, ಒಂದೇ ತೇವ. ಕರೆಂಟ್ ಯೂನಿಟ್‌ಗೆ ಸುಮಾರು 30 ಸೆಂಟ್. ಗಂಟೆಗೆ ಒಂದು ಯೂನಿಟ್ ಎಳೆಯುವ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ 72 ಡಾಲರ್. ಫ್ಯಾನ್ ಹಾಕಿ, ಟೈಮರ್ ಇಡಿ. ಮೈಸೂರು ಸಿಲ್ಕ್ ಸೀರೆ, ಚರ್ಮದ ಬೆಲ್ಟು-ಶೂ ಇರುವ ಬೀರುವಿಗೆ ತೇವ ಹೀರುವ ಡಬ್ಬಿ ಹಾಕಿ, ಇಲ್ಲವಾದರೆ ಬೂಷ್ಟು ಗ್ಯಾರಂಟಿ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಅಲ್ಲಿಯೂ ಇದೆ, ಮನೆಗೆ ಬಂದು ಪರೀಕ್ಷಿಸುವ ಅಧಿಕಾರಿಗಳೂ ಇದ್ದಾರೆ, ದಂಡವೂ ಇದೆ.

8. ಶಾಲೆಯ ಲೆಕ್ಕವನ್ನು ಟಿಕೆಟ್ ಬುಕ್ ಮಾಡುವ ಮೊದಲೇ ಮುಗಿಸಿ

ಕೆಲವು ಅಂತರರಾಷ್ಟ್ರೀಯ ಶಾಲೆಗಳ ಶುಲ್ಕ ವರ್ಷಕ್ಕೆ 40,000 ಡಾಲರ್ ದಾಟುತ್ತದೆ. ಇಬ್ಬರು ಮಕ್ಕಳಾದರೆ ಸಂಬಳವೇ ಶಾಲೆಗೆ ಹೋಯಿತು. ಭಾರತೀಯ ಮೂಲದ ಶಾಲೆಗಳು ಅದಕ್ಕಿಂತ ಕಡಿಮೆಗೆ ಸಿಗುತ್ತವೆ. ಬೆಂಗಳೂರಿನ ಎನ್‌ಪಿಎಸ್ ಬಳಗದ ಶಾಲೆಯೂ ಅಲ್ಲಿದೆ. ಸರ್ಕಾರಿ ಶಾಲೆ ಬೇಕೆಂದರೆ ಎಇಐಎಸ್ ಎಂಬ ಪ್ರವೇಶ ಪರೀಕ್ಷೆ ಬರೆಸಿ. ಪಾಸಾದರೂ ಸೀಟು ಖಾತ್ರಿಯಿಲ್ಲ, ಶುಲ್ಕವೂ ಸ್ಥಳೀಯರಿಗಿಂತ ಬಹಳ ಹೆಚ್ಚು. ಮುಂದೆ ಪಿಆರ್ ಅರ್ಜಿ ಹಾಕುವ ಯೋಚನೆ ಇದ್ದರೆ ಇದೂ ಗೊತ್ತಿರಲಿ: ನಿಮ್ಮ ಮೂಲಕ ಪಿಆರ್ ಪಡೆದ ಮಗ ಎರಡು ವರ್ಷ ನ್ಯಾಷನಲ್ ಸರ್ವಿಸ್ ಎಂಬ ಕಡ್ಡಾಯ ಸೇವೆ ಮಾಡಬೇಕು.

9. ಊರಿನ ಬ್ಯಾಂಕ್ ಖಾತೆಗಳನ್ನು ಸರಿಪಡಿಸಿ

ಎನ್‌ಆರ್‌ಐ ಆದ ಮೇಲೆ ಹಳೆಯ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ ಆಗಿ ಬದಲಿಸಬೇಕು, ಇದು ನಿಯಮ. ಸಿಂಗಪುರದ ಉಳಿತಾಯಕ್ಕೆ ಎನ್‌ಆರ್‌ಇ ತೆರೆಯಿರಿ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಹಣ ವಾಪಸ್ ಒಯ್ಯಲೂ ತಡೆಯಿಲ್ಲ. 2023ರ ಫೆಬ್ರುವರಿಯಲ್ಲಿ ಯುಪಿಐ ಮತ್ತು ಸಿಂಗಪುರದ ಪಾವತಿ ವ್ಯವಸ್ಥೆ ಪೇನೌ ಜೋಡಣೆಯಾಯಿತು. ಅಮ್ಮನ ಔಷಧಿಗೆ, ಹಬ್ಬದ ಖರ್ಚಿಗೆ ಫೋನಿಂದಲೇ ಕಳಿಸಿ. ದೊಡ್ಡ ಮೊತ್ತಕ್ಕೆ ‘ಶುಲ್ಕ ಸೊನ್ನೆ’ ಎಂಬ ಜಾಹೀರಾತು ನಂಬಬೇಡಿ. ಊರಿನ ಖಾತೆಗೆ ಕೊನೆಗೆ ಎಷ್ಟು ರೂಪಾಯಿ ಬೀಳುತ್ತದೆ, ಅದನ್ನಷ್ಟೇ ಹೋಲಿಸಿ.

10. ಸೂಟ್‌ಕೇಸಿನಿಂದ ಗಸಗಸೆ ತೆಗೆಯಿರಿ

ಪಾಯಸದ ಆಸೆಗೆ ಅಜ್ಜಿ ಕಟ್ಟಿಕೊಟ್ಟ ಪೊಟ್ಟಣ ಅಲ್ಲಿ ನಿಷಿದ್ಧ ವಸ್ತು. ಗಸಗಸೆಯಲ್ಲಿ ಮಾರ್ಫಿನ್ ಅಂಶ ಇರುವುದರಿಂದ ಮಾದಕ ವಸ್ತು ನಿಯಂತ್ರಣದವರ ಕಣ್ಣು ಅದರ ಮೇಲಿದೆ. ಗುಟ್ಕಾ, ವೇಪ್, ಚೂಯಿಂಗ್ ಗಮ್ ಕೂಡ ಬೇಡ. ಉಳಿದ ಜಾಗಕ್ಕೆ ಸಾರಿನ ಪುಡಿ ತುಂಬಿ. ಹೋದ ಮೇಲೆ ಅಲ್ಲಿಯ ಕನ್ನಡ ಸಂಘಕ್ಕೆ ಸೇರಿ: ರೂಮು, ಸೆಕೆಂಡ್ ಹ್ಯಾಂಡ್ ಸೋಫಾ, ಮುಂದಿನ ಕೆಲಸದ ಸುಳಿವು ಪರಿಚಯದವರಿಂದಲೇ ಬರುತ್ತವೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಹಿಂಜರಿಯುವವರು ಗಣೇಶನ ಹಬ್ಬದಲ್ಲಿ ಊಟ ಬಡಿಸಲು ನಿಲ್ಲಿ, ಅರ್ಧ ಗಂಟೆಯಲ್ಲಿ ಎಲ್ಲರ ಪರಿಚಯ.

11. ಮೂರು ತಿಂಗಳ ಖರ್ಚನ್ನು ನಗದಾಗಿ ಇಟ್ಟುಕೊಳ್ಳಿ

ನಿಮ್ಮ ಪಾಸ್ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಹೋದರೆ ಪಾಸ್ ರದ್ದಾಗಿ, ಸಾಮಾನ್ಯವಾಗಿ 30 ದಿನದ ವಿಸಿಟ್ ಪಾಸ್ ಸಿಗುತ್ತದೆ. ಅಷ್ಟರಲ್ಲಿ ಹೊಸ ಕೆಲಸ ಸಿಗಬೇಕು, ಇಲ್ಲವೇ ವಿಮಾನ ಹತ್ತಬೇಕು. ಅದೇ ಹೊತ್ತಿಗೆ ಕಂಪನಿ ನಿಮ್ಮ ಕೊನೆಯ ಸಂಬಳವನ್ನು ತಡೆಹಿಡಿಯುತ್ತದೆ; ವಿದೇಶಿ ನೌಕರರ ತೆರಿಗೆ ಚುಕ್ತಾ ಆಗುವವರೆಗೆ ಹಿಡಿದಿಡಬೇಕೆಂಬುದು ಅಲ್ಲಿಯ ಕಾನೂನು. ಅಡ್ವಾನ್ಸ್ ಮನೆ ಮಾಲೀಕರ ಹತ್ತಿರ. ನಿಮ್ಮ ಹಣವೆಲ್ಲ ನಿಮ್ಮದೇ, ಆದರೆ ಒಂದೂ ಕೈಯಲ್ಲಿಲ್ಲ. ಅಂಥ ಸಮಯದಲ್ಲಿ ಷೇರು ಮಾರಿ, ಸ್ನೇಹಿತರ ಕೈ ಕಾದು ಕೂರುವವರಿಗೆ ಇಂಟರ್‌ವ್ಯೂನಲ್ಲಿ ಧ್ವನಿಯೇ ಏಳುವುದಿಲ್ಲ, ಸಿಕ್ಕಿದ ಸಂಬಳಕ್ಕೆ ಒಪ್ಪಿಬಿಡುತ್ತಾರೆ. ಹಾಗಾಗಿ ಬಾಡಿಗೆ, ಊಟ, ಟಿಕೆಟ್ ಸೇರಿಸಿ ಮೂರು ತಿಂಗಳ ಮೊತ್ತ ಸಿಂಗಪುರದ ಖಾತೆಯಲ್ಲೇ ಇರಲಿ. ಮೊದಲ ಬೋನಸ್ ಪೂರ್ತಿ ಅಲ್ಲಿಗೇ ಹೋಗಲಿ. ಬಾಲಿ ಟ್ರಿಪ್ ಎರಡನೇ ಬೋನಸ್‌ಗೆ.