ದಖ್ಖನಿನ ಹರಳುಗಳು: ಗುರುತಿಸುವ ಕ್ರಮ

ಪುಣೆ, ನಾಸಿಕ, ಜಳಗಾಂವ ಜಿಲ್ಲೆಗಳ ಕಲ್ಲುಗಣಿಗಳಲ್ಲಿ ಜಲ್ಲಿಗಾಗಿ ಕರಿಬಂಡೆಯನ್ನೊಡೆಯುವಾಗ ಹೊರಬೀಳುವ ಹರಳುಗೊಂಚಲುಗಳು ಇಂದು ದೇಶವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿ ಸ್ಥಾನ ಪಡೆದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ-ಪುಣೆ ರೈಲುಮಾರ್ಗಕ್ಕಾಗಿ ಭೋರ್ ಘಾಟಿಯನ್ನು ಕಡಿದಾಗಲೇ ಇವು ವಿದ್ವಜ್ಜನರ ಗಮನಕ್ಕೆ ಬಂದಿದ್ದುವು. ನಮ್ಮ ವಿಜಯಪುರ, ಕಲಬುರಗಿ, ಬೀದರ ಸೀಮೆಯ ಎರೆಮಣ್ಣಿನಡಿಯಲ್ಲಿಯೂ ಬಹುಭಾಗ ಹಾಸಿರುವುದು ಈ ಬಸಾಲ್ಟ್ ಶಿಲೆಯೇ. ಇಂಥ ಹರಳನ್ನು ಕೊಳ್ಳಹೊರಟ ಹೊಸಬರು ಮೊದಲು ಮರುಳಾಗುವುದು ಬಣ್ಣಕ್ಕೆ. ಖನಿಜಪರೀಕ್ಷೆಯಲ್ಲಿ ಎಲ್ಲಕ್ಕೂ ಕಡೆಯಲ್ಲಿ ನೋಡತಕ್ಕದ್ದು ಅದನ್ನೇ.

ಪರೀಕ್ಷೆಗೆ ತೊಡಗುವ ಮುನ್ನ ಹರಳಿನ ಜನ್ಮವೃತ್ತಾಂತವನ್ನು ತಿಳಿದಿರುವುದು ಒಳ್ಳೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಶಿಲಾರಸವು ಪದರದ ಮೇಲೆ ಪದರವಾಗಿ ಹರಿದು ಆರುವಾಗ, ಅದರಲ್ಲಿ ಅಡಗಿದ್ದ ಅನಿಲಗಳು ಗುಳ್ಳೆಗಳಾಗಿ ಮೇಲೇರಿ, ಹೊರಬೀಳಲಾರದೆ, ಶಿಲೆಯೊಳಗೆ ಪೊಟರೆಗಳನ್ನು ಉಳಿಸಿದುವು. ಅನಂತರ ಬಿಸಿನೀರು ಬಂಡೆಯ ಸಂದುಗಳಲ್ಲಿ ಇಳಿದು, ಸಿಲಿಕ, ಕ್ಯಾಲ್ಸಿಯಂ, ಸೋಡಿಯಂಗಳನ್ನು ಕರಗಿಸಿಕೊಂಡು, ಪೊಟರೆಗಳನ್ನು ಹೊಕ್ಕು, ಅಲ್ಲಿ ತಣಿಯುತ್ತ ತನ್ನ ಹೊರೆಯನ್ನು ಇಳಿಸಿತು. ಬೆಳೆಯಲು ತೆರಪಿದ್ದುದರಿಂದಲೇ ಈ ಹರಳುಗಳಿಗೆ ನಿಚ್ಚಳವಾದ ಮುಖಗಳು ಮೂಡಿದುವು. ನಾಲ್ಕೂ ಕಡೆ ಒತ್ತಿಕೊಂಡು ಬೆಳೆದ ಗ್ರಾನೈಟಿನ ಕಣಗಳಿಗೆ ಆ ಭಾಗ್ಯವಿಲ್ಲ. ಯಾವುದರ ಮೇಲೆ ಯಾವುದು ಕುಳಿತಿದೆಯೆಂದು ನೋಡಿದರೆ ಹುಟ್ಟಿದ ಅನುಕ್ರಮವೂ ತಿಳಿಯುತ್ತದೆ: ಅಡಿಯಲ್ಲಿರುವುದು ಹಿರಿಯದು, ಮೇಲಿನದು ಕಿರಿಯದು.

ಇನ್ನು ಪರೀಕ್ಷೆ. ಮೊದಲು ಮಾದರಿಯನ್ನು ತಣ್ಣೀರಿನಲ್ಲಿ ಮೃದುವಾದ ಕುಂಚದಿಂದ ತೊಳೆಯಿರಿ. ಆಸಿಡ್ ಸುರಿದು ಬೆಳಗುವ ದುರಭ್ಯಾಸ ಕೆಲವರಲ್ಲಿದೆ; ಜಿಯೋಲೈಟ್ ವರ್ಗದ ಅನೇಕ ಹರಳುಗಳು ಅದರಿಂದ ಶಾಶ್ವತವಾಗಿ ಕೆಡುತ್ತವೆ. ಒಕೆನೈಟ್ ಎಂಬ ಬಿಳಿಯ ಎಳೆಯುಂಡೆಗಳನ್ನಂತೂ ತೊಳೆಯುವುದಿರಲಿ, ಬೆರಳಿನಿಂದ ಮುಟ್ಟಲೂ ಬಾರದು.

ಎರಡನೆಯದು ಆಕೃತಿ. ಹತ್ತರಷ್ಟು ಹಿಗ್ಗಿಸಿ ತೋರಿಸುವ ಭೂತಕನ್ನಡಿಯೊಂದನ್ನು ಹಿಡಿದು, ಹರಳನ್ನು ಬೆಳಕಿನಲ್ಲಿ ಮೆಲ್ಲನೆ ತಿರುಗಿಸಿರಿ. ಆರು ಪಾರ್ಶ್ವಗಳ ಸ್ತಂಭವಿದ್ದು, ಆ ಪಾರ್ಶ್ವಗಳ ಮೇಲೆ ಅಡ್ಡಗೆರೆಗಳು ಕಂಡರೆ ಅದು ಬೆಣಚು, ಎಂದರೆ ಕ್ವಾರ್ಟ್ಜ್. ಚೌಕಾಕಾರದ ಸ್ತಂಭವಿದ್ದು, ಗೆರೆಗಳು ಉದ್ದಕ್ಕೆ ಹರಿದಿದ್ದು, ತುದಿಯ ಚಪ್ಪಟೆ ಮುಖ ಮಾತ್ರ ಮುತ್ತಿನಂತೆ ಮಿನುಗಿದರೆ ಅಪೊಫಿಲೈಟ್. ಇವೆರಡೂ ನೀರಿನಷ್ಟು ತಿಳಿಯಾಗಿರಬಲ್ಲವಾದ್ದರಿಂದ ಗೆರೆಯ ದಿಕ್ಕೊಂದೇ ಎಷ್ಟೋ ಸಂಶಯಗಳನ್ನು ಪರಿಹರಿಸುತ್ತದೆ. ನಡು ಕಟ್ಟಿದ ಹುಲ್ಲಿನ ಸಿವುಡಿನಂತೆ ಎರಡು ತುದಿಯಲ್ಲಿಯೂ ಹರಡಿಕೊಂಡಿರುವುದು ಸ್ಟಿಲ್ಬೈಟ್. ಒಂದೇ ಬಿಂದುವಿನಿಂದ ಸೂಜಿಗಳಾಗಿ ಹೊಮ್ಮಿರುವುದು ಬಹುಮಟ್ಟಿಗೆ ಸ್ಕೋಲೆಸೈಟ್. ಹರಳು ಕಿರಿದಾಗಲಿ ಹಿರಿದಾಗಲಿ, ಒಂದೇ ಖನಿಜದ ಅನುರೂಪ ಮುಖಗಳ ನಡುವಣ ಕೋನ ಬದಲಾಗದೆಂಬುದನ್ನು 1669ರಲ್ಲಿಯೇ ನಿಕೊಲಾಸ್ ಸ್ಟೆನೋ ಗುರುತಿಸಿದ್ದನು. ಬೆಣಚಿನ ಸ್ತಂಭದಲ್ಲಿ ಅದು ಎಂದೆಂದಿಗೂ 120 ಡಿಗ್ರಿ.

ಮೂರನೆಯದು ಸೀಳು ಮತ್ತು ಗಡಸುತನ. ಕ್ಯಾಲ್ಸೈಟ್ ಒಡೆದರೆ ಓರೆಯಾದ ಸಮಾನಾಂತರ ಫಲಕಗಳಾಗಿ ಸೀಳುತ್ತದೆ. ಬೆಣಚು ಹಾಗೆ ಸೀಳದೆ ಗಾಜಿನಂತೆ ಬಾಗಿದ ಮುರಿವನ್ನು ತೋರುತ್ತದೆ. 1812ರಲ್ಲಿ ಫ್ರೆಡ್ರಿಕ್ ಮೋಸ್ ಏರ್ಪಡಿಸಿದ ಶ್ರೇಣಿಯಲ್ಲಿ ಉಗುರು ಸುಮಾರು 2.5, ಚಾಕುವಿನ ಉಕ್ಕು ಸುಮಾರು 5.5. ಕ್ಯಾಲ್ಸೈಟ್ 3, ಸ್ಟಿಲ್ಬೈಟ್ 3.5 ರಿಂದ 4, ಅಪೊಫಿಲೈಟ್ 4.5 ರಿಂದ 5. ಆದಕಾರಣ ಇವೆಲ್ಲ ಚಾಕುವಿಗೆ ಗೀರುಬೀಳುತ್ತವೆ, 7ರ ಬೆಣಚು ಬೀಳದು. ಗೀರುವುದು ಅಡಿಯ ಮರೆಯಾದ ಮೂಲೆಯಲ್ಲಿರಲಿ, ಎದುರು ಮುಖದ ಮೇಲಲ್ಲ. ಕ್ಯಾಲ್ಸೈಟೆಂಬ ಸಂದೇಹ ಉಳಿದರೆ ಉದುರಿದ ಚೂರೊಂದನ್ನು ಪುಡಿಮಾಡಿ ವಿನೆಗರ್ ಹನಿಸಿರಿ, ಗುಳ್ಳೆಯೆದ್ದರೆ ತೀರ್ಮಾನವಾಯಿತು.

ಬಣ್ಣದ ಸರದಿ ಈಗ. ಅಪೊಫಿಲೈಟಿನ ಹಸಿರು ವೆನೇಡಿಯಂ ಧಾತುವಿನ ಲೇಶದಿಂದ ಬಂದ ಸಹಜವರ್ಣ. ಪುಣೆಯ ಸಮೀಪದ ವಾಘೋಲಿಯನ್ನು ಪ್ರಸಿದ್ಧಗೊಳಿಸಿದ ಕ್ಯಾವನ್ಸೈಟಿನ ಗಾಢನೀಲಿಯೂ ಅದೇ ಧಾತುವಿನದು. ಒಕೆನೈಟಿಗೆ ಮಾತ್ರ ಗುಲಾಬಿ, ನೇರಳೆ ಬಣ್ಣಗಳು ನಿಸರ್ಗದತ್ತವಲ್ಲ, ಅದ್ದಿ ತೆಗೆದವು. ಮಾರುಕಟ್ಟೆಯ ಅಗ್ಗದ ಕಿತ್ತಳೆಬಣ್ಣದ ಸಿಟ್ರಿನ್ ಬಹುಪಾಲು ಕಾಯಿಸಿದ ಅಮೆಥಿಸ್ಟ್; ಬುಡ ಸುಣ್ಣದಂತೆ ಬೆಳ್ಳಗಿದ್ದು ತುದಿ ಮಾತ್ರ ಕಮರಿದಂತಿದ್ದರೆ ಅನುಮಾನಿಸಿರಿ. ಅಗೇಟಿನ ಬಿರುಕುಗಳಲ್ಲಿ ಬಣ್ಣ ಮಡುಗಟ್ಟಿದ್ದರೆ ಅದೂ ಹಾಕಿದ ಬಣ್ಣವೇ. ಕ್ಯಾವನ್ಸೈಟಿನ ನೀಲಿ ಗುಂಡುಗಳನ್ನು ಬಿಳಿಯ ಸ್ಟಿಲ್ಬೈಟಿನ ಮೇಲೆ ಅಂಟಿಸಿ ಮಾರುವುದೂ ಉಂಟು. ಗುಂಡಿನ ಬುಡವನ್ನು ಭೂತಕನ್ನಡಿಯಲ್ಲಿ ನೋಡಿದರೆ ಅಂಟಿನ ಅಂಚು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಇಷ್ಟನ್ನೂ ನೋಡಗೊಡದ ವರ್ತಕನಿಂದ ಕೊಳ್ಳದಿರುವುದೇ ಲೇಸು.

ಮನೆಗೆ ತಂದಮೇಲೆ ಅಮೆಥಿಸ್ಟನ್ನು ಬಿಸಿಲಿಗಿಡದಿರಿ, ಅದು ಕ್ರಮೇಣ ಬಣ್ಣಗುಂದುತ್ತದೆ. ಕಲ್ಲುಗಣಿಗೆ ನೀವೇ ಹೋಗುವುದಾದರೆ ಒಡೆಯನ ಅನುಮತಿಯಿಲ್ಲದೆ ಕಾಲಿಡಬಾರದು. ಖನಿಜದ ಹೆಸರು, ದೊರೆತ ಊರು, ಕೊಂಡ ದಿನ, ಇವನ್ನು ಅಂದೇ ಚೀಟಿಯಲ್ಲಿ ಬರೆದು ಮಾದರಿಯೊಡನೆ ಇಡಿರಿ. ಹೆಸರನ್ನು ಮುಂದೆಯೂ ಪರೀಕ್ಷಿಸಿ ತಿಳಿಯಬಹುದು, ಊರನ್ನು ಬರಿದೆ ನೋಡಿ ಖಚಿತವಾಗಿ ಹೇಳಲು ಬಲ್ಲವರು ವಿರಳ.