ಎಂಜಿನಿಯರಿಗೆ ಕೊನೆಯ ಸಾಲು

ರೋಲರ್ ಕೋಸ್ಟರ್‌ಗೆ ನಮ್ಮ ತೂಕ ಮಾತ್ರ ಗೊತ್ತು. ಒಳಗೆ ಕೂತವರು ಕಿರುಚಿದರೂ ನಿದ್ದೆ ಹೊಡೆದರೂ ಅದು ಒಂದೇ ದಾರಿಯಲ್ಲಿ ಓಡುತ್ತೆ. ಇಂಟರಾಕ್ಟಿವ್ ರೈಡ್ ಹಾಗಲ್ಲ, ನಾವು ಮಾಡಿದ್ದಕ್ಕೆ ಅದು ಉತ್ತರ ಕೊಡಬೇಕು. ಆ ಉತ್ತರ ಎಷ್ಟು ನಿಜ ಅಂತ ನೋಡೋಕೆ ಒಳ್ಳೆಯ ಉದಾಹರಣೆ ‘ಮಿಲೇನಿಯಂ ಫಾಲ್ಕನ್: ಸ್ಮಗ್ಲರ್ಸ್ ರನ್’. 2019ರ ಮೇ 31ರಂದು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಶುರುವಾದ ರೈಡ್ ಇದು.

ಸ್ಟಾರ್ ವಾರ್ಸ್ ಸಿನಿಮಾದ ಆ ಹಳೇ ಡಕೋಟಾ ಹಡಗಿನ ಕಾಕ್‌ಪಿಟ್‌ನಲ್ಲಿ ಆರು ಜನ ಕೂರುತ್ತಾರೆ. ಮುಂದೆ ಇಬ್ಬರು ಪೈಲಟ್, ನಡುವೆ ಇಬ್ಬರು ಗನ್ನರ್, ಹಿಂದೆ ಇಬ್ಬರು ಎಂಜಿನಿಯರ್. ಹೌದು, ನಮ್ಮವರಿಗೆ ಇಲ್ಲೂ ಲಾಸ್ಟ್ ಬೆಂಚೇ!

ಪೈಲಟ್‌ಗಳ ಕೆಲಸ ಹಂಚಿರುವ ರೀತಿ ನಮಗೆ ತುಂಬಾ ಹಿಡಿಸಿತು. ಎಡಗಡೆಯವರ ಕೈಯಲ್ಲಿ ಎಡ-ಬಲ, ಬಲಗಡೆಯವರ ಕೈಯಲ್ಲಿ ಮೇಲೆ-ಕೆಳಗೆ. ಎರಡು ಅಕ್ಷ, ಎರಡು ಮೆದುಳು. ಓರೆಯಾಗಿ ಮೇಲೇರಬೇಕು ಅಂದ್ರೆ ಇಬ್ಬರೂ ಮಾತಾಡಿಕೊಳ್ಳಲೇಬೇಕು. ಮೊದಲ ಸಲ ಕೂತವರು ಸಾಮಾನ್ಯವಾಗಿ ಗೋಡೆಗೆ ಗುದ್ದುತ್ತಾರೆ, ಮಜಾ ಇರೋದೇ ಅಲ್ಲಿ.

ಗುದ್ದಿದ್ದು ಪರದೆ ಮೇಲೆ ಕಾಣಬೇಕಲ್ಲ? 1987ರ ‘ಸ್ಟಾರ್ ಟೂರ್ಸ್’ನಲ್ಲಿ ಸಿನಿಮಾ ಮೊದಲೇ ತಯಾರಾಗಿತ್ತು, ಅದರ ತಾಳಕ್ಕೆ ಕ್ಯಾಬಿನ್ ಅಲುಗಿದರೆ ಸಾಕಿತ್ತು. ಇಲ್ಲಿ ಮುಂದಿನ ದೃಶ್ಯ ಪೈಲಟ್ ಏನು ಮಾಡ್ತಾರೆ ಅನ್ನೋದರ ಮೇಲೆ ನಿಂತಿದೆ, ಹಾಗಾಗಿ ಅನ್‌ರಿಯಲ್ ಎಂಜಿನ್ ಆಯಾ ಕ್ಷಣದಲ್ಲೇ ಚಿತ್ರ ಬಿಡಿಸುತ್ತೆ. ಅದಕ್ಕೆ ಎನ್‌ವಿಡಿಯಾದ ಎಂಟು ಕ್ವಾಡ್ರೋ ಪಿ6000 ಕಾರ್ಡುಗಳು, ಚಿತ್ರ ಮೂಡಿಸೋಕೆ ಐದು ಪ್ರೊಜೆಕ್ಟರ್‌ಗಳು. ಸೆಕೆಂಡಿಗೆ 60 ಫ್ರೇಮ್ ಅಂತಿಟ್ಟುಕೊಂಡರೆ ಒಂದು ಫ್ರೇಮಿಗೆ ಸಿಗೋದು 16.7 ಮಿಲಿಸೆಕೆಂಡ್. ಕಣ್ಣು ಒಂದು ಹೇಳಿ, ಒಳಕಿವಿಯ ಸಮತೋಲನದ ಅಂಗ ಇನ್ನೊಂದು ಹೇಳಿದರೆ ಹೊಟ್ಟೆ ತೊಳೆಸುತ್ತೆ. ಅಂದರೆ ಚಿತ್ರವೂ ಕೆಳಗಿನ ಮೋಷನ್ ಬೇಸೂ ಒಟ್ಟಿಗೆ ಇರಲೇಬೇಕು, ಲೇಟೆನ್ಸಿ ಅನ್ನೋದು ಇಲ್ಲಿ ಬರೀ ಪರೀಕ್ಷೆಯ ಎರಡು ಮಾರ್ಕಿನ ಪ್ರಶ್ನೆ ಅಲ್ಲ.

ಆರೇ ಜನರಾದರೆ ಹೊರಗಿನ ಕ್ಯೂ ಕರಗೋದು ಯಾವಾಗ? ಒಂದು ತಿರುಗುವ ವೇದಿಕೆ ಮೇಲೆ ಏಳು ಕಾಕ್‌ಪಿಟ್, ಅಂಥವು ನಾಲ್ಕು. 6 × 7 × 4 ಅಂದ್ರೆ ಒಟ್ಟು 168 ಸೀಟು. ಒಂದರ ಹಿಂದೆ ಒಂದು ಕಾಕ್‌ಪಿಟ್ ಬಾಗಿಲಿಗೆ ಬರುತ್ತೆ, ಜನ ಹತ್ತುತ್ತಾರೆ, ವೇದಿಕೆ ತಿರುಗುತ್ತೆ. ಒಳಗಿನವರಿಗೆ ‘ಹಡಗು ಇರೋದು ನಮ್ಮದೊಂದೇ’ ಅನ್ನೋ ಭಾವನೆ! ನಿಮಿಷಕ್ಕೊಂದು ಕಾಕ್‌ಪಿಟ್ ತುಂಬಿತು ಅಂತಿಟ್ಟುಕೊಳ್ಳಿ, ನಾಲ್ಕೂ ವೇದಿಕೆ ಸೇರಿ ಗಂಟೆಗೆ 1,440 ಜನ.

ಈ ಲೆಕ್ಕವೇ ನಮ್ಮ ಸ್ವಾತಂತ್ರ್ಯಕ್ಕೆ ಬೇಲಿ ಹಾಕೋದು. ಒಂದು ಕಾಕ್‌ಪಿಟ್ ತಡವಾದರೆ ಹಿಂದಿನ ಆರೂ ಕಾಯಬೇಕು. ಆದ್ದರಿಂದ ಎಷ್ಟೇ ಕೆಟ್ಟದಾಗಿ ಓಡಿಸಿದರೂ ಇಲ್ಲಿ ‘ಗೇಮ್ ಓವರ್’ ಇಲ್ಲ. ಹಡಗು ಜಖಂ ಆಗುತ್ತೆ, ಹೊಂಡೋ ಎಂಬ ಪಾತ್ರ ರಿಪೇರಿ ಖರ್ಚನ್ನು ಸಂಪಾದನೆಯಿಂದ ಮುರಿದುಕೊಳ್ಳುತ್ತಾನೆ, ಪ್ರಯಾಣ ಮಾತ್ರ ಹೊತ್ತಿಗೆ ಸರಿಯಾಗಿ ಮುಗಿಯುತ್ತೆ. ಇದನ್ನು ಮೋಸ ಅನ್ನೋಕೆ ನಮಗೆ ಮನಸ್ಸಿಲ್ಲ. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಅಂತ ಯೋಚಿಸಿ ಮಾಡಿದ ವಿನ್ಯಾಸ ಇದು.

ನಮ್ಮ ತಕರಾರು ಇರೋದು ಹಿಂದಿನ ಸಾಲಿನ ಬಗ್ಗೆ. ಎಂಜಿನಿಯರ್ ಮಾಡಬೇಕಾದ್ದು, ದೀಪ ಹತ್ತಿದ ಬಟನ್ ಒತ್ತಿ ಜಖಂ ಸರಿಪಡಿಸೋದು. ಆ ಬಟನ್‌ಗಳು ಪಕ್ಕದ ಗೋಡೆಯಲ್ಲಿವೆ, ಚಿತ್ರ ಇರೋದು ಮುಂದೆ. ಕೆಲಸ ಮಾಡಿದರೆ ನೋಟ ತಪ್ಪುತ್ತೆ, ನೋಟ ನೋಡಿದರೆ ಕೆಲಸ ಕೆಡುತ್ತೆ. ಗನ್ನರ್‌ಗಳಿಗೂ ಇದೇ ಕಷ್ಟ, ಆದರೆ ಅವರು ಒತ್ತಿದರೆ ಪರದೆ ಮೇಲೆ ಏನೋ ಸಿಡಿಯೋದಾದರೂ ಕಾಣುತ್ತೆ. ಪೈಲಟ್‌ಗೆ ತನ್ನ ಕೈಯ ಪರಿಣಾಮ ತಕ್ಷಣ ಗೊತ್ತಾಗುತ್ತೆ, ಎಂಜಿನಿಯರ್‌ಗೆ ದೀಪ ಆರಿದ್ದು ಮಾತ್ರ. ಫೀಡ್‌ಬ್ಯಾಕ್ ಇಲ್ಲದ ಇನ್‌ಪುಟ್ ಇದು. ಆರು ಜನರ ಮಿನಿ ಪ್ರಾಜೆಕ್ಟ್‌ನಲ್ಲಿ ರಿಪೋರ್ಟ್ ಬೈಂಡಿಂಗ್ ಮಾಡಿಸಿದವರಿಗೆ ಈ ನೋವು ಅರ್ಥವಾಗುತ್ತೆ.

ಒಬ್ಬರೇ ಬಂದವರಿಗೆ ಅಲ್ಲಿ ಬೇರೆ ಕ್ಯೂ ಇದೆ, ಬೇಗ ಸಾಗುತ್ತೆ. ಸಿಗೋ ಸೀಟು ಮಾತ್ರ ಹೆಚ್ಚಾಗಿ ಎಂಜಿನಿಯರ್‌ದು.