ಒಂದೇ ಕೊಠಡಿಯ ಸಂತೋಷ

ಸಂತೋಷವು ಎಲ್ಲಿ ಸಿಕ್ಕೀತೆಂದು ವಿಚಾರಿಸುವವರು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಅನೇಕರುಂಟು. ಹೆಂಚಿನ ಮನೆಯವನು ಮಹಡಿಯ ಮನೆಯನ್ನು ನೋಡಿ ನಿಟ್ಟುಸಿರು ಬಿಡುತ್ತಾನೆ. ಮಹಡಿಯವನು ನೆರೆಯವನ ಮೋಟಾರು ಗಾಡಿಯನ್ನು ನೋಡಿ ನಿದ್ದೆಗೆಡುತ್ತಾನೆ. ಪ್ರಿಯ ವಾಚಕರೇ, ಈ ವಿಷಯದಲ್ಲಿ ಬರೇ ಉಪದೇಶ ಹೇಳುವದಕ್ಕಿಂತ, ಬೆಂಗಳೂರಿನ ಬಸವನಗುಡಿಯಲ್ಲಿ ಬಹುಕಾಲ ಒಂದೇ ಕೊಠಡಿಯಲ್ಲಿ ವಾಸಿಸಿದ ಒಬ್ಬರ ಜೀವಿತವನ್ನು ನಾವು ನೋಡುವದು ಮೇಲು.

ಡಾಕ್ಟರ್ ಎಚ್. ನರಸಿಂಹಯ್ಯನವರು 1920ನೇ ಇಸವಿಯಲ್ಲಿ ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದರು. ಊರಿನಲ್ಲಿ ಮುಂದಿನ ಓದಿಗೆ ಅನುಕೂಲವಿರಲಿಲ್ಲ. ರೈಲಿಗೆ ಕೊಡಲು ಹಣವೂ ಇರಲಿಲ್ಲ. ಆದಕಾರಣ 1935ರಲ್ಲಿ ಆ ಹುಡುಗನು ಸುಮಾರು 50 ಮೈಲಿ ದೂರವನ್ನು ನಡೆದೇ ಬೆಂಗಳೂರಿಗೆ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದನು. ಮರುವರುಷ ಗಾಂಧೀಜಿಯವರು ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ತಿಳಿಸಿದವನು ಇವನೇ. ಮುಂದೆ 1942ರ ಚಳವಳಿಯಲ್ಲಿ ಓದು ಬಿಟ್ಟು ಸೆರೆಮನೆಗೆ ಹೋದದ್ದೂ, ತಿರಿಗಿ ಓದಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪಾಧ್ಯಾಯರಾದದ್ದೂ, 1960ರಲ್ಲಿ ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿ ಪಡೆದದ್ದೂ ಉಂಟು.

ಇಲ್ಲಿಂದ ಮುಂದೆ ಗಮನಿಸಬೇಕು. ಪ್ರಿನ್ಸಿಪಾಲರಾದರು, 1972ರಿಂದ 1977ರ ವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು, 1984ರಲ್ಲಿ ಪದ್ಮಭೂಷಣವು ದೊರೆಯಿತು. ಆದಾಗ್ಯೂ ವಾಸವು ಕಾಲೇಜಿನ ಹಾಸ್ಟೆಲಿನ ಆ ಒಂದು ಕೊಠಡಿಯೇ. ಉಡುಪು ಖಾದಿಯೂ ಗಾಂಧಿ ಟೋಪಿಯೂ. ಊಟವು ವಿದ್ಯಾರ್ಥಿಗಳ ಸಂಗಡ.

ಬಡತನವೇ ಒಳ್ಳೇದೆಂದು ನಾವು ಹೇಳುತ್ತೇವೆಂದು ಯಾರೂ ತಿಳಿಯಬಾರದು. ಹಸಿದ ಮಗುವಿನ ಮುಂದೆ ಸರಳ ಜೀವನವನ್ನು ಹೊಗಳುವವನು ಕಠಿಣ ಹೃದಯದವನೇ ಸರಿ. ಕೊರತೆಯಿಂದ ನರಳುವದು ಬೇರೆ, ಸಾಕೆಂದು ನಿಲ್ಲಿಸುವದು ಬೇರೆ. ನರಸಿಂಹಯ್ಯನವರು ಎರಡನ್ನೂ ಬಲ್ಲವರಾಗಿದ್ದರು. ಹುಡುಗತನದ ಕೊರತೆಯನ್ನು ಅವರು ಆರಿಸಿಕೊಂಡಿರಲಿಲ್ಲ. ಕುಲಪತಿಯಾದ ಮೇಲಿನ ಕೊಠಡಿಯನ್ನು ಆರಿಸಿಕೊಂಡರು.

ಇದರಿಂದ ಅವರಿಗೆ ಬಂದ ಲಾಭವೇನು? ಚದರದ ಮನಸ್ಸು ಎಂದು ನಮಗೆ ತೋರುತ್ತದೆ. ಕಾಯುವದಕ್ಕೆ ಆಸ್ತಿ ಕಡಿಮೆಯಾದವನ ಗಮನವು ಮುಂದಿರುವ ಕೆಲಸದ ಮೇಲೆಯೇ ನಿಲ್ಲುತ್ತದೆ. (ಈಗ ಪಟ್ಟಣದಲ್ಲಿ ಇಂಥ ಗಮನವನ್ನು ಕಲಿಯುವದಕ್ಕೆ ಹಣ ತೆತ್ತು ಹೋಗುವವರೂ ಉಂಟು.) 1962ರಲ್ಲಿ ಅವರು ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ವಾರವಾರವೂ ಜನರಿಗೆ ವಿಜ್ಞಾನದ ಉಪನ್ಯಾಸಗಳು ನಡೆದವು. ಕೇಳಿದ್ದನ್ನೆಲ್ಲಾ ನಂಬದೆ ಪ್ರಶ್ನೆ ಮಾಡಿ ನೋಡಬೇಕೆಂದು ವಿದ್ಯಾರ್ಥಿಗಳಿಗೆ ಕಲಿಸಿದರು. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿಗೆ ಅವರೇ ಅಧ್ಯಕ್ಷರಾದಾಗ ಬಲವಾದ ವಿರೋಧವು ಎದ್ದಿತು, ಹಿಂಜರಿಯಲಿಲ್ಲ. ಕಳಕೊಳ್ಳುವದಕ್ಕೆ ಒಂದು ಕೊಠಡಿ ಮಾತ್ರ ಇರುವವನನ್ನು ಹೆದರಿಸುವದು ಸುಲಭವಲ್ಲ.

ಒಂದು ಆಕ್ಷೇಪಣೆ ಉಂಟು: ಅವರು ಮದುವೆಯಾಗದವರು, ನಾವು ಸಂಸಾರಸ್ಥರು, ನಮಗೆ ಇದು ಹೇಗೆ ಸಾಧ್ಯ? ಈ ಮಾತು ನ್ಯಾಯವಾದದ್ದೇ. ಮಕ್ಕಳುಳ್ಳವನು ಒಂದು ಕೊಠಡಿಯಲ್ಲಿ ಇರಬೇಕೆಂದು ನಾವು ಹೇಳುವದಿಲ್ಲ. ಆದರೆ ನಮ್ಮ ಊರುಗಳಲ್ಲಿ ಮನೆಯನ್ನು ಮುಳುಗಿಸುವದು ಅನ್ನದ ಖರ್ಚಲ್ಲ. ಮಗಳ ಮದುವೆಗೆ ಹೊಲವನ್ನು ಅಡವಿಟ್ಟು, ಶಾಮಿಯಾನವನ್ನೂ ವಾದ್ಯವನ್ನೂ ತರಿಸಿ, ಊರೆಲ್ಲಾ ಎರಡು ದಿನ ಹೊಗಳಿದ ಮೇಲೆ, ಹತ್ತು ವರುಷ ಬಡ್ಡಿ ಕಟ್ಟುವ ತಂದೆಯನ್ನು ನೋಡಿರಿ. ಅವನು ನೇಗಿಲು ಹಿಡಿದಾಗಲೂ ಮನಸ್ಸು ಸಾಲಗಾರನ ಬಾಗಿಲಲ್ಲಿರುತ್ತದೆ. ಉಣ್ಣುವಾಗ ರುಚಿ ತಿಳಿಯದು. ಮಗುವು ಮಾತಾಡಿದರೆ ಕೇಳಿಸದು. ಆ ಮದುವೆಯ ಲೆಕ್ಕವನ್ನು ಮೊದಲೇ ಗಂಡಹೆಂಡರು ಕೂತು ಬರೆದು, ಯಾವದು ಮಗಳಿಗಾಗಿ, ಯಾವದು ನೆರೆಯವರ ಕಣ್ಣಿಗಾಗಿ ಎಂದು ಬೇರೆ ಮಾಡಿ ನೋಡಬಹುದಲ್ಲವೇ? ಸಂಸಾರಸ್ಥನಿಗೆ ಸರಳತೆಯು ಅಲ್ಲಿಂದ ಆರಂಭವಾಗುತ್ತದೆ.

ನರಸಿಂಹಯ್ಯನವರು 2005ನೇ ಇಸವಿ ಜನವರಿ 31ರಂದು ತೀರಿಕೊಂಡರು. ತನಗಾಗಿ ಮನೆಯನ್ನು ಕಟ್ಟಿಸದ ಅವರ ಶ್ರಮದಿಂದ ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ನ್ಯಾಷನಲ್ ಕಾಲೇಜುಗಳು ಎದ್ದವು. ಆ ಸೀಮೆಯ ಹುಡುಗನು ಕಾಲೇಜು ಓದಬೇಕೆಂದರೆ 50 ಮೈಲಿ ನಡೆಯಬೇಕಾಗಿಲ್ಲ.